ಅಲ್ಲಿ ಚಳಿಗಾಲದಲ್ಲಿ, ಇಲ್ಲಿ ಮಳೆಗಾಲದಲ್ಲಿ ಫ್ಲೂ ಏಕೆ?

ನ್ಯೂಯಾರ್ಕಿನಲ್ಲಿ ಒಣ ಚಳಿಗೆ ಏರುವ ಇನ್‌ಫ್ಲುಯೆಂಜಾ ಬೆಂಗಳೂರಿನಲ್ಲಿ ತೇವ ತುಂಬಿದ ಮಳೆಗಾಲದಲ್ಲೇ ಏಕೆ ಹೆಚ್ಚುತ್ತದೆ ಎಂದು ಕೇಳಿದ್ದೀರಿ. ಇದಕ್ಕೆ ಹವಾಮಾನವೊಂದನ್ನೇ ಹೊಣೆಯಾಗಿಸಲಾಗದು.

2007ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಶಾಲೆಯ ಅನೀಸ್ ಲೋವೆನ್, ಪೀಟರ್ ಪಲೇಸೆ ಮತ್ತು ಸಂಗಡಿಗರು ಸೋಂಕಿತ ಹಾಗೂ ಆರೋಗ್ಯವಂತ ಗಿನಿಯಿಲಿಗಳನ್ನು ಬೇರೆಬೇರೆ ಪಂಜರಗಳಲ್ಲಿಟ್ಟು, ನಡುವೆ ಗಾಳಿ ಮಾತ್ರ ಹಾಯುವಂತೆ ಮಾಡಿ ಪರೀಕ್ಷಿಸಿದಾಗ, 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ವೈರಸ್ ಸುಲಭವಾಗಿ ದಾಟಿತು. 30 ಡಿಗ್ರಿಯಲ್ಲಿ ದಾಟಲೇ ಇಲ್ಲ. ಒಣ ಗಾಳಿಯಲ್ಲಿ ಕೆಮ್ಮಿನ ಹನಿಗಳು ಆರಿ ಹಗುರವಾಗಿ ಹೆಚ್ಚು ಹೊತ್ತು ತೇಲುತ್ತವೆ, ಮೂಗಿನ ಒಳಪೊರೆಯೂ ಒಣಗಿ ತನ್ನ ರಕ್ಷಣೆಯನ್ನು ಸಡಿಲಿಸುತ್ತದೆ. ಆದರೆ 2008ರಲ್ಲಿ ಪ್ರಕಟವಾದ ಇದೇ ತಂಡದ ಇನ್ನೊಂದು ಪ್ರಯೋಗದಲ್ಲಿ, ಪ್ರಾಣಿಗಳನ್ನು ಒಂದೇ ಪಂಜರದಲ್ಲಿ ಕೂಡಿಸಿದಾಗ 30 ಡಿಗ್ರಿಯಲ್ಲೂ ಸೋಂಕು ಹರಡಿತು. ನಿಮ್ಮ ಪ್ರಶ್ನೆಯ ಕೀಲಿಕೈ ಬಹುಶಃ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ: ಮಳೆ ಹಿಡಿದಾಗ ನಾವು ಕಿಟಕಿ ಮುಚ್ಚಿದ ಬಸ್ಸು, ತರಗತಿ, ಮನೆಗಳಲ್ಲಿ ಒತ್ತೊತ್ತಾಗಿ ಕೂರುತ್ತೇವೆ, ಶಾಲೆಗಳು ತೆರೆಯುವುದೂ ಆಗಲೇ.

ಭಾರತದಲ್ಲೇ ಶ್ರೀನಗರದಲ್ಲಿ ಫ್ಲೂ ಚಳಿಗಾಲದ ಕಾಯಿಲೆ. ಇನ್ನು, ಜನರಲ್ಲಿ ರೋಗನಿರೋಧಕ ಶಕ್ತಿ ಇಲ್ಲದಿದ್ದರೆ ಹವಾಮಾನ ತಡೆಯಾಗದು. 2021ರ ಏಪ್ರಿಲ್–ಮೇ ತಿಂಗಳ ಸುಡುಬಿಸಿಲಿನಲ್ಲೇ ಕೋವಿಡ್‌ನ ಡೆಲ್ಟಾ ಅಲೆ ಬಂದಿತ್ತು. ಮನೆಯಲ್ಲಿ ವಯಸ್ಸಾದವರಿದ್ದರೆ, ಮಳೆಗಾಲಕ್ಕೆ ಮುಂಚೆಯೇ ಫ್ಲೂ ಲಸಿಕೆಯ ಕುರಿತು ದಯವಿಟ್ಟು ವೈದ್ಯರನ್ನು ಕೇಳಿ.