ಕೆನಡಾದಲ್ಲಿ ಪಿಆರ್ (ಕಾಯಂ ನೆಲೆಸೋ ಅನುಮತಿ) ಇದೆ, ವಯಸ್ಸು 24, ಈಗಲೇ ಅಮೆರಿಕಕ್ಕೆ ಹೋಗಿ ನೆಲೆಸಬಹುದಾ?

ಹೋಗಬಹುದು, ಆದರೆ ನನ್ನ ಕೇಳಿದರೆ ಮೊದಲು ಕೆನಡಾ ಪೌರತ್ವ ತಗೊಳ್ಳಿ. ಪಿಆರ್ ಕಾರ್ಡ್ ತೋರಿಸಿದರೆ ಅಮೆರಿಕದಲ್ಲಿ ಕೆಲಸ ಮಾಡೋ ಹಕ್ಕು ಸಿಗಲ್ಲ. ಟಿಎನ್ ಅನ್ನೋ ಅಮೆರಿಕದ ತಾತ್ಕಾಲಿಕ ಕೆಲಸದ ಅನುಮತಿಯ ಸುಲಭದ ದಾರಿ ಇರೋದು ಕೆನಡಾ, ಮೆಕ್ಸಿಕೋ ಪ್ರಜೆಗಳಿಗೆ ಮಾತ್ರ. ಕೆನಡಾ ಪ್ರಜೆಯಾದರೆ, ನಿಮ್ಮ ಕೆಲಸ ಟಿಎನ್‌ಗೆ ಒಪ್ಪೋ ಕೆಲಸಗಳ ಪಟ್ಟಿಯಲ್ಲಿದ್ದರೆ, ಆಫರ್ ಲೆಟರ್, ಡಿಗ್ರಿ ಸರ್ಟಿಫಿಕೇಟ್, ಪಾಸ್‌ಪೋರ್ಟ್ ಹಿಡಿದು ಗಡಿಯಲ್ಲೇ ಅರ್ಜಿ ಕೊಡಬಹುದು, ಒಂದು ಸಲಕ್ಕೆ 3 ವರ್ಷದವರೆಗೂ ಸಿಗುತ್ತೆ. ಎಚ್-1ಬಿ ಅನ್ನೋ ಇನ್ನೊಂದು ಕೆಲಸದ ವೀಸಾಕ್ಕಿರೋ ಲಾಟರಿಯ ತಲೆನೋವೇ ಇಲ್ಲ.

ದಿನಗಳ ಲೆಕ್ಕ ನೋಡಿಕೊಳ್ಳಿ. ಪೌರತ್ವಕ್ಕೆ ಅರ್ಜಿ ಹಾಕೋ ಮುಂಚಿನ 5 ವರ್ಷಗಳಲ್ಲಿ 1,095 ದಿನ ಕೆನಡಾದಲ್ಲೇ ಇದ್ದಿರಬೇಕು. ಪಿಆರ್ ಬರೋ ಮುಂಚೆ ಓದೋಕೋ ಕೆಲಸಕ್ಕೋ ಅಲ್ಲಿದ್ದರೆ ಆ ಒಂದೊಂದು ದಿನವೂ ಅರ್ಧ ದಿನ ಅಂತ ಲೆಕ್ಕ, ಹೀಗೆ ಸಿಗೋದು ಗರಿಷ್ಠ 365 ದಿನ. ಅರ್ಧದಲ್ಲೇ ಹೊರಟರೆ ಪಿಆರ್ ಉಳಿಸಿಕೊಳ್ಳೋಕೇ 5 ವರ್ಷದಲ್ಲಿ 730 ದಿನ ಕೆನಡಾದಲ್ಲಿರಬೇಕು. ಅಮೆರಿಕದಲ್ಲಿ ಕೆಲಸ ಹೋದರೆ ವಾಪಸ್ ಬರೋಕೆ ಜಾಗ ಇರಬೇಕು ಅಲ್ವಾ?

ಇನ್ನೊಂದು ಮಾತು. ಅಮೆರಿಕದಲ್ಲಿ ಕಾಯಂ ನೆಲೆಸೋಕೆ ಬೇಕಾದ ಗ್ರೀನ್ ಕಾರ್ಡ್‌ನ ಸಾಲು ನಿಂತಿರೋದು ಸಾಮಾನ್ಯವಾಗಿ ಹುಟ್ಟಿದ ದೇಶದ ಮೇಲೆ. ಭಾರತದಲ್ಲಿ ಹುಟ್ಟಿದವರಿಗೆ ಕೆನಡಾ ಪಾಸ್‌ಪೋರ್ಟ್ ಬಂದರೂ ಆ ಉದ್ದದ ಸಾಲು ಕಮ್ಮಿಯಾಗಲ್ಲ.