ಯುವಿ ಬೆಳಕಿಗೆ ಹೊಳೆಯುವ ಕಲ್ಲು: ಯಾವ ದೀಪ, ಎಲ್ಲಿ ಹುಡುಕಬೇಕು?

ಪ್ರಶ್ನೆ: ಯುವಿ (ಅತಿನೇರಳೆ) ಬೆಳಕಿಗೆ ಹೊಳೆಯುವ ಖನಿಜಗಳನ್ನು ಹುಡುಕಲು ಆನ್‌ಲೈನ್‌ನಲ್ಲಿ 395 ನ್ಯಾನೋಮೀಟರ್ ಅಲೆಯುದ್ದದ ಟಾರ್ಚ್ ತರಿಸಿದೆ. ಯಾವ ಬಂಡೆಗೆ ಹಿಡಿದರೂ ಬರೀ ನೇರಳೆ ಕಾಣುತ್ತದೆ. ಟಾರ್ಚ್ ಸರಿಯಿಲ್ಲವೋ, ನಮ್ಮ ಕಡೆ ಅಂಥ ಕಲ್ಲೇ ಇಲ್ಲವೋ?
– ಓದುಗರು, ಮಧುಗಿರಿ

ಉತ್ತರ: ಎರಡರಲ್ಲೂ ಸ್ವಲ್ಪ ನಿಜವಿದೆ. 395ರ ಎಲ್‌ಇಡಿ ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೇ ಧಾರಾಳವಾಗಿ ಚೆಲ್ಲುತ್ತದೆ. ಕಲ್ಲಿನಿಂದ ಬರುವ ಮಂದ ಹೊಳಪು ಅದರಲ್ಲಿ ಮುಚ್ಚಿಹೋಗುತ್ತದೆ. ನಿಮಗೆ ಬೇಕಾದದ್ದು 365 ನ್ಯಾನೋಮೀಟರ್ ಟಾರ್ಚ್, ಅದೂ ಮುಂದುಗಡೆ ಕಪ್ಪು ಗಾಜಿನ ಫಿಲ್ಟರ್ (ಝಡ್‌ಡಬ್ಲ್ಯುಬಿ2) ಇರುವಂಥದ್ದು. ಫಿಲ್ಟರ್ ಇಲ್ಲದ 365 ಕೊಂಡರೂ ಬಿಳಿಚು ಬೆಳಕು ಸೋರಿ ಅದೇ ಗೋಳು.

ಇನ್ನು ಕಲ್ಲಿನ ವಿಷಯ. ನಿಮ್ಮ ಸುತ್ತಲಿನ ಗ್ರಾನೈಟಿನಲ್ಲಿ ಹೆಚ್ಚಾಗಿರುವುದು ಸ್ಫಟಿಕಶಿಲೆ ಮತ್ತು ಫೆಲ್ಡ್‌ಸ್ಪಾರ್. ಇವು ಸಾಮಾನ್ಯವಾಗಿ ಹೊಳೆಯುವುದಿಲ್ಲ, ಹೊಳೆದರೂ ತೀರ ಮಂದ. ಕಬ್ಬಿಣದ ಅಂಶ ಹೆಚ್ಚಿದ್ದಲ್ಲಿ ಅದು ಹೊಳಪನ್ನು ನುಂಗಿಹಾಕುತ್ತದೆ, ಹಾಗಾಗಿ ಕೆಂಪಡರಿದ ಕಲ್ಲಿನ ಮೇಲೆ ಹೊತ್ತು ಕಳೆಯಬೇಡಿ. ಮೊದಲು ಕ್ಯಾಲ್ಸೈಟ್ (ಸುಣ್ಣದ ಖನಿಜ) ಹುಡುಕಿ: ಬಂಡೆಯ ಬಿರುಕಿನಲ್ಲಿ ತುಂಬಿಕೊಂಡ ಬಿಳಿ ಎಳೆಗಳು, ಬಾವಿ ತೋಡಿ ಹಾಕಿದ ಗುಡ್ಡೆಯ ಕಲ್ಲು, ಹೊಲದ ಸುಣ್ಣಕಲ್ಲು. ಜಿಲ್ಲೆಯೊಳಗೇ ಚಿಕ್ಕನಾಯಕನಹಳ್ಳಿ ಕಡೆ ಸುಣ್ಣದಕಲ್ಲೂ ಮ್ಯಾಂಗನೀಸೂ ಎರಡೂ ಇವೆ. ಕ್ಯಾಲ್ಸೈಟಿನೊಳಗೆ ಸ್ವಲ್ಪ ಮ್ಯಾಂಗನೀಸ್ ಸೇರಿದ್ದರೆ ಕಿತ್ತಳೆ, ಕೆಂಪು ಹೊಳಪು ಬರಬಹುದು. ಪ್ರತಿ ತುಂಡೂ ಹೊಳೆಯುತ್ತದೆ ಎಂದುಕೊಳ್ಳಬೇಡಿ. ಗ್ರಾನೈಟಿನ ಬಿರುಕಿನ ಮುಖದಲ್ಲಿ ತೆಳ್ಳಗೆ ಅಂಟಿದ ಗಾಜಿನಂಥ ಪೊರೆ ಪ್ರಖರ ಹಸಿರಾಗಿ ಹೊಳೆದರೆ ಅದು ಹಯಲೈಟ್ ಓಪಲ್ ಇರಬಹುದು. ಅತ್ಯಲ್ಪ ಯುರೇನಿಯಂ ಅಂಶ ಆ ಹಸಿರಿಗೆ ಕಾರಣ.

ರಾತ್ರಿ ಬೆಟ್ಟ ಅಲೆಯುವುದನ್ನು ಬಿಡಿ. ತುಮಕೂರು ಜಿಲ್ಲೆಯಲ್ಲಿ ಕರಡಿ, ಚಿರತೆ ಇವೆ. ಕ್ವಾರಿಯ ಅಂಚಿನಲ್ಲಿ ಕತ್ತಲಲ್ಲಿ ಕಾಲು ಜಾರಿದರೆ ಉಳಿಯುವುದು ಕಷ್ಟ. ಹಗಲಲ್ಲಿ ಜಮೀನಿನವರನ್ನು ಕೇಳಿ ಮುಷ್ಟಿಗಾತ್ರದ ಹತ್ತಿಪ್ಪತ್ತು ತುಂಡು ತನ್ನಿ. ಮೀಸಲು ಅರಣ್ಯದಿಂದ ಕಲ್ಲು ತೆಗೆಯಬೇಡಿ. ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಹೊಸ ಮುಖ ಒಡೆದು, ಬರೀ ನೀರಿನಲ್ಲಿ ಬ್ರಷ್‌ನಿಂದ ತೊಳೆಯಿರಿ. ಸೋಪಿನ ಪುಡಿ ಬೇಡ: ಬಟ್ಟೆಗೆ ಬಿಳುಪು ಕೊಡಲು ಅದರಲ್ಲಿ ಹಾಕುವ ರಾಸಾಯನಿಕವೇ ನೀಲಿಯಾಗಿ ಹೊಳೆದು ಮೋಸ ಮಾಡುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹತ್ತು ನಿಮಿಷ ಕತ್ತಲಲ್ಲಿ ಕುಳಿತು ಕಣ್ಣು ಹೊಂದಿಕೊಂಡ ಮೇಲೆ ಟಾರ್ಚ್ ಹಚ್ಚಿ. ಬಂಡೆಯ ಮೇಲಿನ ಕೆಲವು ಕಲ್ಲುಹೂವು ಕೂಡ ಕಿತ್ತಳೆಯಾಗಿ ಹೊಳೆಯುತ್ತವೆ, ಚೇಳಂತೂ ಹಸಿರುನೀಲಿಯಾಗಿ ಎದ್ದು ಕಾಣುತ್ತದೆ. ಹೊರಗಡೆ ಟಾರ್ಚ್ ಹಿಡಿದಾಗ ಹೊಳೆದದ್ದಕ್ಕೆಲ್ಲ ಕೈ ಹಾಕಬೇಡಿ.

ಪ್ರಶ್ನೆ: ಕೆಜಿಎಫ್‌ನಲ್ಲಿ ಟಂಗ್‌ಸ್ಟನ್ ಲೋಹದ ಅದುರು ಷೀಲೈಟ್ ಇದೆಯಂತೆ. ಸೈನೈಡ್ ದಿಬ್ಬದಲ್ಲಿ ಹುಡುಕಬಹುದೇ? ಸಿಕ್ಕಿದರೆ ಗುರುತಿಸುವುದು ಹೇಗೆ?
– ಓದುಗರು, ಬಂಗಾರಪೇಟೆ

ಉತ್ತರ: ದಿಬ್ಬ ಬೇಡವೇ ಬೇಡ. ಚಿನ್ನ ತೆಗೆಯಲು ಅದುರನ್ನು ಹಿಟ್ಟಿನಂತೆ ಅರೆದು ಸುರಿದ ಶೇಷ ಅದು, ಅಲ್ಲಿ ಕೈಗೆ ಸಿಗುವಂಥ ತುಂಡೇ ಇರುವುದಿಲ್ಲ. ಜೊತೆಗೆ ಶ್ವಾಸಕೋಶಕ್ಕಿಳಿಯುವ ಸಿಲಿಕಾ ಧೂಳು. 2001ರಲ್ಲಿ ಮುಚ್ಚಿದ ಗಣಿಯ ಜಾಗಕ್ಕೆ ಅನುಮತಿಯಿಲ್ಲದೆ ನುಗ್ಗುವುದೂ ಸರಿಯಲ್ಲ.

ಷೀಲೈಟ್ ಕೋಲಾರದ ಚಿನ್ನದ ಪಟ್ಟಿಯಲ್ಲಿ ಇರುವುದು ನಿಜ. ಟಂಗ್‌ಸ್ಟನ್ನಿನ ಈ ಅದುರು 365ಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. 254 ನ್ಯಾನೋಮೀಟರಿನ ಕಿರುತರಂಗಕ್ಕೆ ತಿಳಿನೀಲಿ ಬಿಳುಪಾಗಿ ಜೋರಾಗಿ ಹೊಳೆಯುತ್ತದೆ, ಮಾಲಿಬ್ಡಿನಂ ಲೋಹ ಸೇರಿದ್ದರೆ ಹಳದಿಗೆ ತಿರುಗುತ್ತದೆ. ಬಣ್ಣವೊಂದನ್ನೇ ನಂಬಬೇಡಿ, ತೂಕ ನೋಡಿ. 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ಒಣ ಕಲ್ಲನ್ನು ತೂಗಿ. ಆಮೇಲೆ ನೀರಿರುವ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ದಾರ ಕಟ್ಟಿದ ಕಲ್ಲನ್ನು ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಮೊದಲ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. 30 ಗ್ರಾಂ ಕಲ್ಲಿಗೆ 5 ಬಂದರೆ ಸಾಂದ್ರತೆ 6, ಅದು ಷೀಲೈಟಿನ ಆಸುಪಾಸು. ಹೊಳೆಯುವ ಬೇರೆ ಖನಿಜಗಳು ಇಷ್ಟು ಭಾರವಿಲ್ಲ: ಕ್ಯಾಲ್ಸೈಟ್ 2.7, ಫ್ಲೋರೈಟ್ 3.2. ಬೇರೆ ಕಲ್ಲಿಗೆ ಅಂಟಿದ ತುಂಡಾದರೆ ಈ ಲೆಕ್ಕ ಕಡಿಮೆ ತೋರಿಸುತ್ತದೆ.

ಪ್ರಶ್ನೆ: 254ರ ದೀಪ ದುಬಾರಿ. ಮನೆಯ ವಾಟರ್ ಫಿಲ್ಟರಿನ ಯುವಿ ಟ್ಯೂಬ್ ಬಳಸಬಹುದೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಬೇಡ. ಅಲೆಯುದ್ದ 254ರದ್ದೇ ಆದರೂ ಕಾಣುವ ಬೆಳಕನ್ನು ತಡೆಯುವ ಫಿಲ್ಟರ್ ಅದಕ್ಕಿಲ್ಲ, ಹೊಳಪು ಸರಿಯಾಗಿ ಕಾಣುವುದಿಲ್ಲ. ಅದಕ್ಕಿಂತ ಮುಖ್ಯ, ಬರಿಗಣ್ಣಿಗೆ ಬಿದ್ದರೆ ಆಗ ಏನೂ ಅನ್ನಿಸದು. ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಬಿದ್ದಂತೆ ಚುಚ್ಚಿ ನೀರು ಸುರಿಯುತ್ತದೆ, ಚರ್ಮವೂ ಸುಡುತ್ತದೆ. ಫಿಲ್ಟರ್ ಇರುವ ಕಿರುತರಂಗ ದೀಪವನ್ನೇ ಕೊಳ್ಳಿ. ಅದಕ್ಕೂ ಪಾಲಿಕಾರ್ಬೊನೇಟ್ ಕನ್ನಡಕ, ತುಂಬುತೋಳಿನ ಅಂಗಿ, ಕೈಗವಸು ಬೇಕು. ಕೊಂಡದ್ದು ನಿಜಕ್ಕೂ 254ರದ್ದೇ ಎಂದು ತಿಳಿಯಲು, ಹೊಳೆಯುತ್ತಿರುವ ಕಲ್ಲಿಗೂ ದೀಪಕ್ಕೂ ನಡುವೆ ಕಿಟಕಿ ಗಾಜಿನ ತುಂಡು ಹಿಡಿಯಿರಿ. ಸಾದಾ ಗಾಜು 254ನ್ನು ತಡೆಯುತ್ತದೆ, 365ನ್ನು ಬಹುಪಾಲು ಬಿಡುತ್ತದೆ. ಹೊಳಪು ಆರಿಹೋದರೆ ದೀಪ ಸರಿ, ಹಾಗೇ ಉಳಿದರೆ ನಿಮಗೆ ಕೊಟ್ಟದ್ದು 365ರಂಥ ದೀರ್ಘತರಂಗದ ದೀಪ.