ಅಂಗೈಯಗಲದ ಕೊಲಾಜ್ ಕಾರ್ಡು: ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಬೇಸಿಗೆ ಶಿಬಿರದ ಮಕ್ಕಳಿಗೆ 'ಎಟಿಸಿ' ಮಾಡಿಸಬೇಕಾಗಿದೆ. ಇದಕ್ಕೆ ಗೊತ್ತಾದ ಅಳತೆ ಇದೆಯೇ? ಯಾವ ಕಾಗದ ಬಳಸಬೇಕು?
— ಶಿಕ್ಷಕಿ, ಗದಗ

ಎಟಿಸಿ ಎಂದರೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್: ಕೈಯಾರೆ ಮಾಡಿ ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುವ ಪುಟ್ಟ ಕಲಾಕೃತಿ. ಇಲ್ಲಿ ಹೇಳುತ್ತಿರುವುದು ಕೊಲಾಜ್, ಅಂದರೆ ಕಾಗದ, ಬಟ್ಟೆಯ ಚೂರುಗಳನ್ನು ಅಂಟಿಸಿ ಮಾಡುವ ಕಾರ್ಡಿನ ಬಗ್ಗೆ. ಕಟ್ಟುನಿಟ್ಟು ಇರುವುದು ಅಳತೆಯಲ್ಲಿ ಮಾತ್ರ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಮಿಲಿಮೀಟರಿನಲ್ಲಿ 64 ಮತ್ತು 89. 1997ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಎಂ. ವಾಂಚಿ ಸ್ಟಿರ್ನೆಮನ್ ಎಂಬ ಕಲಾವಿದ ಈ ಕಾರ್ಡಿಗೆ ನಾಂದಿ ಹಾಡಿದರು. ಕಾರ್ಡು ಕೊಟ್ಟು ಕಾರ್ಡು ತಗೊಳ್ಳಬೇಕು, ಮಾರಬಾರದು ಎನ್ನುವುದು ಮೊದಲಿನಿಂದಲೂ ಬಂದ ರೂಢಿ. ಹಿಂಬದಿಯಲ್ಲಿ ಹೆಸರು, ಶೀರ್ಷಿಕೆ, ತಾರೀಖು ಬರೆಯುತ್ತಾರೆ.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದವಾದರೆ ಚಿಂತೆಯಿಲ್ಲ. ಒಂದು ಎ4 ಹಾಳೆಯಲ್ಲಿ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಕಾರ್ಡು ಸಿಗುತ್ತವೆ. ದುಡ್ಡು ಉಳಿಸಬೇಕೆಂದರೆ ಹಳೆಯ ಲಗ್ನಪತ್ರಿಕೆ ಇದ್ದೇ ಇದೆ. ಅದರ ಹೊಳಪಿನ ಬದಿಗೆ ಅಂಟು ಹಿಡಿಯುವುದಿಲ್ಲ, ಒಣಗಿದ ಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ. 220 ನಂಬರಿನ ಉಪ್ಪುಕಾಗದದಲ್ಲಿ ಹೊಳಪು ಮಾಸುವವರೆಗೆ ಉಜ್ಜಿ, ಒಂದು ಕೈ ಬಿಳಿ ಅಕ್ರಿಲಿಕ್ ಬಳಿಯಿರಿ.

ಕಾರ್ಡನ್ನು ಮೊದಲೇ ಅಳತೆಗೆ ಕತ್ತರಿಸಿಕೊಳ್ಳಿ. ಮೇಲೆ ಅಂಟಿಸುವ ಚೂರುಗಳು ಅಂಚು ದಾಟಿ ಹೊರಗೆ ಚಾಚಿಕೊಂಡಿರಲಿ. ಪೂರ್ತಿ ಒಣಗಿದ ಮೇಲೆ ಬೋರಲು ಹಾಕಿ, ಕಬ್ಬಿಣದ ಸ್ಕೇಲು ಹಿಡಿದು ಕಟರಿನಿಂದ ಸವರಿದರೆ ಅಂಚು ಚೊಕ್ಕವಾಗಿ ಬರುತ್ತದೆ. ಸಣ್ಣ ಮಕ್ಕಳ ಶಿಬಿರವಾದರೆ ಕಟರಿನ ಕೆಲಸ ನಿಮ್ಮದೇ.

ಪ್ರಶ್ನೆ: ಫೆವಿಕಾಲ್ ಹಚ್ಚಿ ಅಂಟಿಸಿದ ಕಾರ್ಡು ಒಣಗುವಷ್ಟರಲ್ಲಿ ಹಪ್ಪಳದ ಹಾಗೆ ಮುರುಟಿಕೊಳ್ಳುತ್ತದೆ. ದಪ್ಪ ಪುಸ್ತಕ ಹೇರಿಟ್ಟರೂ ಪ್ರಯೋಜನವಿಲ್ಲ.
— ಓದುಗರು, ದಾವಣಗೆರೆ

ಪುಸ್ತಕದ ಭಾರ ಸಾಲದೆ ಹೀಗಾಗುತ್ತಿಲ್ಲ, ಇದು ನೀರಿನ ಕೆಲಸ. ಅಂಟಿನಲ್ಲಿರುವ ನೀರು ಕುಡಿದ ಕಾಗದ ಹಿಗ್ಗುತ್ತದೆ. ಹಿಗ್ಗಿದ ಸ್ಥಿತಿಯಲ್ಲೇ ಅದನ್ನು ಕಾರ್ಡಿಗೆ ಕೂರಿಸುತ್ತೀರಿ. ಒಣಗುವಾಗ ಅದು ಕುಗ್ಗುತ್ತಾ ಕಾರ್ಡನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಫೆವಿಕಾಲಿಗೆ ನೀರು ಬೆರೆಸುವವರಿಗಂತೂ ಈ ಕಾಟ ಇಮ್ಮಡಿ.

ಹಾಗಾಗಿ ನೀರು ಬೆರೆಸಬೇಡಿ. ಅರ್ಧ ಕಾರ್ಡು ಮುಚ್ಚುವ ಚೂರಿಗೆ ಕಡಲೆಕಾಳಿನಷ್ಟು ಅಂಟು ಸಾಕು. ಅದನ್ನು ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ, ಕಾಗದದ ಅಕ್ಷರ ಕಾಣುವಷ್ಟು ತೆಳ್ಳಗೆ ಎಳೆಯಿರಿ. ಪತಂಗದ ಕಾಗದ, ಟಿಶ್ಯೂ, ಹಳೆಯ ಪುಸ್ತಕದ ಹಾಳೆಗಳಿಗೆ ಗ್ಲೂ ಸ್ಟಿಕ್ಕೇ ವಾಸಿ.

ಎರಡನೆಯದು ಕಾಗದದ ನಾರು. ದಿನಪತ್ರಿಕೆಯನ್ನು ಹರಿದು ನೋಡಿ: ಒಂದು ದಿಕ್ಕಿಗೆ ಗೆರೆ ಎಳೆದಂತೆ ನೆಟ್ಟಗೆ ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಸೊಟ್ಟಸೊಟ್ಟ. ನೆಟ್ಟಗೆ ಹರಿದದ್ದೇ ನಾರಿನ ದಿಕ್ಕು. ಒದ್ದೆಯಾದ ಕಾಗದ ಹಿಗ್ಗುವುದು ಹೆಚ್ಚಾಗಿ ನಾರಿಗೆ ಅಡ್ಡಲಾಗಿ. ಕಾರ್ಡಿನ ನಾರು, ಅಂಟಿಸುವ ಹಾಳೆಯ ನಾರು ಒಂದೇ ದಿಕ್ಕಿಗಿದ್ದರೆ ಎಳೆತ ಎಷ್ಟೋ ತಗ್ಗುತ್ತದೆ.

ಇಷ್ಟಾದರೂ ಮುರುಟಿದರೆ ಕಾರ್ಡಿನ ಬೆನ್ನಿಗೂ, ಮುಂದೆ ಅಂಟಿಸಿದ ಹಾಳೆಯಷ್ಟೇ ದಪ್ಪದ ಬಿಳಿ ಹಾಳೆಯೊಂದನ್ನು ಅದೇ ಅಂಟಿನಿಂದ ಹಚ್ಚಿ. ಮುಂದಿನ ಎಳೆತಕ್ಕೆ ಹಿಂದಿನ ಎಳೆತ ಸರಿಹೋಗುತ್ತದೆ. ಈಗಾಗಲೇ ಮುರುಟಿದ ಕಾರ್ಡುಗಳಿಗೂ ಇದೇ ಮದ್ದು. ಭಾರ ಹೇರುವುದು ಹತ್ತು ನಿಮಿಷ ಗಾಳಿಗೆ ಬಿಟ್ಟ ಮೇಲೆ. ಮೇಲೂ ಕೆಳಗೂ ಬಟರ್ ಪೇಪರ್ ಇಟ್ಟು ರಾತ್ರಿಯಿಡೀ ಬಿಡಿ. ಹಸಿಹಸಿಯಾಗಿದ್ದಾಗಲೇ ಪುಸ್ತಕ ಹೇರಿದರೆ ನೀರು ಒಳಗೇ ಉಳಿಯುತ್ತದೆ, ಬೆಳಿಗ್ಗೆ ಪುಸ್ತಕ ಎತ್ತಿದೊಡನೆ ಮತ್ತೆ ಅದೇ ಹಪ್ಪಳ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ವಾರಕ್ಕೊಂದು ಪದ ಕೊಟ್ಟು ಅದರ ಮೇಲೆ ಕಾರ್ಡು ಮಾಡುತ್ತೇವೆ. 'ಮಳೆ' ಅಂದರೆ ಎಂಟು ಜನರಲ್ಲಿ ಆರು ಜನ ಕೊಡೆ ಅಂಟಿಸಿ ತಂದರು!
— ಓದುಗರು, ಮೈಸೂರು

ಪದಕ್ಕೆ ಚಿತ್ರ ಹುಡುಕಲು ಹೊರಟರೆ ಕೈಗೆ ಸಿಗುವುದು ಕೊಡೆಯೇ. ಅದರ ಬದಲು, ಮಳೆ ಕಾಗದಕ್ಕೆ ಏನು ಮಾಡುತ್ತದೆ ಎಂದು ಕೇಳಿಕೊಳ್ಳಲಿ. ನೀರಿನ ಸ್ಕೆಚ್ ಪೆನ್ನಿನಲ್ಲಿ ವಿಳಾಸವೊಂದನ್ನು ಬರೆದು, ಬೆರಳಿನಿಂದ ನಾಲ್ಕು ಹನಿ ಚಿಮುಕಿಸಿ, ಶಾಯಿ ಹರಿದ ಆ ಚೂರನ್ನು ಅಂಟಿಸಿದರೆ ಕೊಡೆಯ ಹಂಗೇ ಇಲ್ಲ. ಪದದ ಜೊತೆಗೊಂದು ಷರತ್ತನ್ನೂ ಸೇರಿಸಿ: 'ಮಳೆ, ಮೂರೇ ಕಾಗದ, ಕತ್ತರಿ ಮುಟ್ಟಬಾರದು.' ಕೈಯಲ್ಲೇ ಹರಿಯಬೇಕಾಗಿ ಬಂದಾಗ ಯಾರೂ ಕೊಡೆಯ ತಂಟೆಗೆ ಹೋಗುವುದಿಲ್ಲ.

ಪದಕ್ಕಿಂತ ಒಗಟು ಕೊಟ್ಟರೆ ಇನ್ನೂ ಸೊಗಸು. 'ಕಾಸಿನ ಕುದುರೆಗೆ ಬಾಲದ ಲಗಾಮು' ಎಲ್ಲರಿಗೂ ಗೊತ್ತು, ಉತ್ತರ ಸೂಜಿ-ದಾರ. ಸೂಜಿಯನ್ನು ತೋರಿಸದೆ ಹೀಗೆ ಮಾಡಬಹುದು. ನಾಣ್ಯದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಅಚ್ಚು ಮೂಡಿದ ಮೇಲೆ ಅದನ್ನು ಹರಿದು ಕಾರ್ಡಿನ ಮೇಲ್ಭಾಗಕ್ಕೆ ಅಂಟಿಸಿ. ಅದರಿಂದ ಕೆಳಕ್ಕೆ ಕೆಂಪು ದಾರದಲ್ಲಿ ಒಂದು ಸಾಲು ಹೊಲಿಗೆ. ತೂತುಗಳನ್ನು ಮೊದಲೇ, ಹಳೆಯ ಚಪ್ಪಲಿಯ ಅಟ್ಟೆಯ ಮೇಲಿಟ್ಟು, 5 ಮಿ.ಮೀ.ಗೊಂದರಂತೆ ಚುಚ್ಚಿಕೊಳ್ಳಿ. ತೀರಾ ಒತ್ತೊತ್ತಾಗಿ ಚುಚ್ಚಿದರೆ ಕಾರ್ಡು ಅಂಚೆಚೀಟಿಯಂತೆ ಆ ಸಾಲಿನಲ್ಲೇ ಹರಿದುಹೋಗುತ್ತದೆ. ದಾರದ ತುದಿಗೆ ಗಂಟು ಹಾಕಬೇಡಿ, ಬೆನ್ನಿನಲ್ಲಿ ಉಬ್ಬಿ ಕಾಣುತ್ತದೆ. ಟೇಪು ಹಚ್ಚಿ ಮೇಲೆ ಬಿಳಿ ಹಾಳೆ ಮುಚ್ಚಿ. ಉತ್ತರ ಆ ಹಾಳೆಯ ಮೂಲೆಯಲ್ಲಿರಲಿ.

ಪ್ರಶ್ನೆ: ಕಾರ್ಡಿಗೆ ಅಂಟಿಸಿದ ಬಸ್ ಟಿಕೆಟ್ಟಿನ ಅಕ್ಷರವೆಲ್ಲ ಮಾಯವಾಗಿದೆ.
— ವಿದ್ಯಾರ್ಥಿ, ಬೆಂಗಳೂರು

ಕಂಡಕ್ಟರ್ ಕೈಯಲ್ಲಿನ ಯಂತ್ರದಿಂದ ಬರುವ ಟಿಕೆಟ್ಟಿಗೆ ಶಾಯಿಯೇ ಇರುವುದಿಲ್ಲ. ಕಾಗದದ ಮೇಲಿನ ಲೇಪ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ, ಬಿಸಿಲು ಬಿದ್ದರೆ ಅಳಿಸಿಹೋಗುತ್ತದೆ. ಜೆರಾಕ್ಸ್ ಮಾಡಿಸಿ, ಆ ಪ್ರತಿಯನ್ನು ಅಂಟಿಸಿ. ಮನೆಯ ಇಂಕ್‌ಜೆಟ್ ಪ್ರಿಂಟರಿನದು ಬೇಡ, ಅಂಟು ತಾಗಿದರೆ ಬಣ್ಣ ಹರಡುತ್ತದೆ.

ಪ್ರಶ್ನೆ: ಸೀರೆಯ ಜರಿ ಅಂಚು ಕತ್ತರಿಸಿದರೆ ನೂಲು ಬಿಡುತ್ತದೆ. ಏನು ಮಾಡಲಿ?
— ಗೃಹಿಣಿ, ಇಳಕಲ್

ಒಳಬದಿಗೆ ತೆಳ್ಳಗೆ ಫೆವಿಕಾಲ್ ಸವರಿ, ಪೂರ್ತಿ ಒಣಗಿಸಿ ಆಮೇಲೆ ಕತ್ತರಿಸಿ. ಒಂದು ಕಾರ್ಡಿಗೆ ಒಂದೇ ಪದರ ಬಟ್ಟೆ ಸಾಕು, ಇಲ್ಲವಾದರೆ ಕಾರ್ಡು ಇಡುವ ಆಲ್ಬಮ್ಮಿನ ಜೇಬಿಗೆ ಹೋಗುವುದಿಲ್ಲ. ಹೊಸ ಸೀರೆಗೆ ಮಾತ್ರ ಕತ್ತರಿ ಹಾಕಬೇಡಿ!

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ಡಬ್ಬ ತೆಗೆದು ನೋಡಿದರೆ ಕಾರ್ಡುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ.
— ಓದುಗರು, ಶಿರಸಿ

ಕಾರ್ಡು ಹೊಳೆಯಲೆಂದು ಮೇಲೆ ಫೆವಿಕಾಲ್ ಬಳಿದಿರಬೇಕು. ಅದು ಒಣಗಿದಂತೆ ಕಂಡರೂ ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ. ಅಕ್ರಿಲಿಕ್ ಬಣ್ಣವೂ ಸೆಕೆಗೆ ಅಂಟಂಟಾಗುತ್ತದೆ, ಆದರೆ ಇಷ್ಟಿಲ್ಲ. ಎಳೆದು ಕೀಳಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ತಂಪಿಗೆ ಆ ಪದರ ಗಡುಸಾಗುವುದರಿಂದ, ಹೊರತೆಗೆದ ಕೂಡಲೇ ಮೂಲೆಯಿಂದ ಮೆಲ್ಲಗೆ ಬಾಗಿಸಿದರೆ ಹೆಚ್ಚಿನವು ಬಿಟ್ಟುಕೊಳ್ಳುತ್ತವೆ. ಬಿಟ್ಟುಕೊಂಡ ಕಾರ್ಡುಗಳ ನಡುವೆ ಒಂದೊಂದು ಬಟರ್ ಪೇಪರ್ ಇಟ್ಟು, ಡಬ್ಬವನ್ನು ಹೊರಗೋಡೆಗೆ ತಾಗದಂತೆ ಇಡಿ. ಮೈದಾ ಅಂಟು ಬಳಸಿದ ಕಾರ್ಡುಗಳಿದ್ದರೆ ಅವನ್ನು ಬೇರೆ ಡಬ್ಬಕ್ಕೆ ಹಾಕಿ. ಬೂಷ್ಟು ಮೊದಲು ಹಿಡಿಯುವುದು ಅವಕ್ಕೇ.